ಕಳೆ ಕಿತ್ತು ಅಡುಗೆ ಮಾಡಬಹುದು, ಆದರೆ ಉಳಿದ ಕಡ್ಡಿ ಎಲ್ಲಿಗೆ ಹಾಕುತ್ತೀರಿ?

ಪ್ರಶ್ನೆ: ನಾನು ದಿನಾ ವಾಕಿಂಗ್ ಹೋಗುವ ಹೊಳೆದಂಡೆಯಲ್ಲಿ ಕಳೆ ಬೇಕಾದಷ್ಟು ಬೆಳೆದಿದೆ. ಬೇರೆ ದೇಶಗಳಿಂದ ಬಂದು ಹಬ್ಬಿದ ಇಂಥ ಗಿಡಗಳನ್ನು ಕಿತ್ತು ಅಡುಗೆ ಮಾಡುವ ವಿಡಿಯೊಗಳನ್ನು ಈಚೆಗೆ ಜಾಸ್ತಿ ನೋಡುತ್ತಿದ್ದೇನೆ. ಕಳೆಯೂ ಕಡಿಮೆ ಆಗುತ್ತದೆ, ಪುಕ್ಕಟೆ ಸೊಪ್ಪೂ ಸಿಗುತ್ತದೆ, ಒಳ್ಳೆಯದೇ ಅಲ್ವಾ? ಯಾವುದನ್ನು ತಿನ್ನಬಹುದು, ಹೇಗೆ ಬೇಯಿಸಬೇಕು? ಮಕ್ಕಳನ್ನೂ ಕರೆದುಕೊಂಡು ಹೋಗುವ ಆಸೆ. ರುಚಿ ಹಿಡಿಸಿದರೆ ಒಂದೆರಡು ಗಿಡ ಕುಂಡದಲ್ಲಿ ಹಾಕಿಕೊಳ್ಳಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದದ್ದು ಅಲ್ಲೇ. ಕುಂಡದಲ್ಲಿ ಹಾಕಬೇಡಿ. ಒಂದೆರಡೂ ಬೇಡ, ಒಂದೂ ಬೇಡ.

ಯಾಕೆ ಅಂತ ಹೇಳಲು ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಕಥೆ ಸಾಕು. ಆಲಿಗೇಟರ್ ವೀಡ್ ಎಂಬ ಗಿಡ ಇದೆ. ಮೂಲ ದಕ್ಷಿಣ ಅಮೆರಿಕ. ನೀರಿನ ಮೇಲೂ ಹಬ್ಬುತ್ತದೆ, ನೆಲದ ಮೇಲೂ ಹಬ್ಬುತ್ತದೆ. ನಾವು ಹೊನಗೊನ್ನೆ ಸೊಪ್ಪು ಎಂದು ಕರೆಯುವ ಗಿಡಕ್ಕೆ ಇದು ಹತ್ತಿರದ ಸಂಬಂಧಿ. ಎರಡೂ ಆಲ್ಟರ್ನಾಂಥೆರಾ ಕುಲದವು. ಶ್ರೀಲಂಕಾದಿಂದ ಹೋಗಿ ಅಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳು ಇದನ್ನು ತಮ್ಮ ಪರಿಚಯದ ಸೊಪ್ಪು ಎಂದೇ ತಿಳಿದು ಹಿತ್ತಿಲಲ್ಲಿ ಬೆಳೆಸಿಕೊಂಡಿದ್ದವು. ಅವರ ಭಾಷೆಯಲ್ಲಿ ಆ ಸೊಪ್ಪಿಗೆ ಮುಕುನುವೆನ್ನ ಎನ್ನುತ್ತಾರೆ. ಒಬ್ಬರಿಗೊಬ್ಬರು ಪ್ರೀತಿಯಿಂದ ಕಡ್ಡಿ ಹಂಚಿಕೊಂಡರು. 1990ರ ದಶಕದಲ್ಲಿ ಅಧಿಕಾರಿಗಳ ಗಮನಕ್ಕೆ ಬರುವ ಹೊತ್ತಿಗೆ ಅದು ಊರೂರಿನ ಹಿತ್ತಿಲುಗಳನ್ನು ಸೇರಿಯಾಗಿತ್ತು. ಯಾರದೂ ತಪ್ಪು ಅನ್ನುವಂತಿಲ್ಲ. ವಿಕ್ಟೋರಿಯಾ ರಾಜ್ಯದವರು ಮಾಡಿದ ಕೆಲಸ ನನಗೆ ಇಷ್ಟ. ಬೈದು, ಹೆದರಿಸಿ ಸುಮ್ಮನಾಗಲಿಲ್ಲ. ಅದೇ ಕುಲದ, ತೊಂದರೆ ಕೊಡದ ಇನ್ನೊಂದು ಗಿಡವನ್ನು ಬದಲಿಯಾಗಿ ಕೊಟ್ಟರು.

ಇಲ್ಲಿ ಗಿಡ ಹರಡಿದ್ದು ತಿಂದದ್ದರಿಂದಲ್ಲ. ತಿಂದದ್ದು ಮುಗಿಯಿತು. ಕೈಯಿಂದ ಕೈಗೆ ಹೋದ ಕಡ್ಡಿ, ಹಿತ್ತಿಲಲ್ಲಿ ಊರಿದ ಗೆಣ್ಣು, ಮಳೆನೀರಿನ ಜೊತೆ ಚರಂಡಿಗೆ ಹೋದ ತುಂಡು ಹರಡಿದವು. ನಿಮ್ಮ ಎಲ್ಲ ಪ್ರಶ್ನೆಗೂ ನನ್ನ ಉತ್ತರ ಇದರ ಸುತ್ತಲೇ ತಿರುಗುತ್ತದೆ. ಬಾಯಿಗೆ ಹೋಗುವ ಭಾಗದ ಬಗ್ಗೆ ಜನ ಬೇಕಾದಷ್ಟು ಕೇಳುತ್ತಾರೆ. ಬಾಯಿಗೆ ಹೋಗದೆ ಉಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೊರಗಿನಿಂದ ಬಂದ ಗಿಡಗಳೆಲ್ಲ ಆಕ್ರಮಣಕಾರಿ ಅಲ್ಲ. ಬೇಡದ ಕಡೆ ಬೆಳೆದ ಕಳೆಗಳೆಲ್ಲವೂ ಅಲ್ಲ. ಬಂದ ಜಾಗದಲ್ಲಿ ತಾನೇ ತಾನಾಗಿ ಹಬ್ಬಿ, ಅಲ್ಲಿದ್ದ ಜೀವಗಳಿಗೆ ಜಾಗ, ಬೆಳಕು, ನೀರು ಸಿಗದ ಹಾಗೆ ಮಾಡುವುದಕ್ಕೆ ಮಾತ್ರ ಆ ಹೆಸರು. ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ಜೀವವೈವಿಧ್ಯ ವೇದಿಕೆ 2023ರಲ್ಲಿ ಒಂದು ದೊಡ್ಡ ವರದಿ ಕೊಟ್ಟಿತು. ಅದರ ಲೆಕ್ಕದಲ್ಲಿ ಮನುಷ್ಯರಿಂದ ಹೊಸ ಜಾಗಕ್ಕೆ ಹೋದ ಜೀವಿಗಳು, ಪ್ರಾಣಿಗಳೂ ಸೇರಿ, 37,000ಕ್ಕೂ ಜಾಸ್ತಿ. ಅವುಗಳಲ್ಲಿ ನಿಜವಾಗಿ ಹಾನಿ ಮಾಡುವವು ಸುಮಾರು 3,500. ಹತ್ತರಲ್ಲಿ ಒಂದು. ಒಂದು ಕಡೆ ಪಿಡುಗಾದ ಗಿಡ ತನ್ನ ತವರಿನಲ್ಲಿ ಚಿಟ್ಟೆಗಳಿಗೆ ಅನ್ನ ಕೊಡುವ ಸಾಧು ಗಿಡವೂ ಆಗಿರಬಹುದು. ಹಾಗಾಗಿ ವಿಡಿಯೊದಲ್ಲಿ ತೋರಿಸಿದ ಗಿಡ ನಿಮ್ಮ ಜಾಗದಲ್ಲಿ ಯಾವ ಪಟ್ಟಿಯಲ್ಲಿದೆ ಎಂದು ನೋಡಿಕೊಳ್ಳಿ. ಅಲ್ಲಿ ಅದು ಸ್ಥಳೀಯ ಗಿಡವಾಗಿದ್ದರೆ ಬುಡಸಮೇತ ಕೀಳುವುದು ಸಹಾಯವಲ್ಲ, ಲೂಟಿ.

ಇನ್ನು, ತಿಂದರೆ ಕಳೆ ಕಡಿಮೆ ಆಗುತ್ತದಾ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬಹಳ ಸಲ ಇಲ್ಲ.

ಪಾಪಾಸುಕಳ್ಳಿಯನ್ನೇ ನೋಡಿ. ಅದರ ಹಣ್ಣು ರುಚಿಯಾದದ್ದು. ಎಳೆ ಎಲೆಯಂಥ ಕಾಂಡವನ್ನೂ ತಿನ್ನುತ್ತಾರೆ. ಆದರೂ ಆಸ್ಟ್ರೇಲಿಯಾದಲ್ಲಿ 1920ರ ದಶಕದ ಹೊತ್ತಿಗೆ ಅದು ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಆವರಿಸಿತ್ತು. ಎಷ್ಟು ಜನ ಎಷ್ಟು ಹಣ್ಣು ತಿಂದರೂ ಅದು ಮುಗಿಯುವಂಥದ್ದಲ್ಲ. ಮುಗಿಸಿದ್ದು ಒಂದು ಪತಂಗ. ಅರ್ಜೆಂಟೀನಾದಿಂದ ತಂದ ಕ್ಯಾಕ್ಟೊಬ್ಲಾಸ್ಟಿಸ್ ಪತಂಗವನ್ನು 1926ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಟ್ಟರು. ಅದರ ಹುಳುಗಳು ಕಳ್ಳಿಯನ್ನು ಒಳಗಿನಿಂದ ಕೊರೆದು ತಿಂದವು. ಕೆಲವೇ ವರ್ಷಗಳಲ್ಲಿ ಆ ಕಾಡು ಕರಗಿತು. ಹುಳುವಿಗೆ ಬೇಸರವಿಲ್ಲ, ರಜೆಯಿಲ್ಲ. ನಮಗೆ ವಾರಕ್ಕೆರಡು ದಿನ ಅದೇ ಸೊಪ್ಪು ಮಾಡಿದರೆ ಮನೆಯಲ್ಲಿ ಗೊಣಗಾಟ ಶುರು.

ಇನ್ನೂ ಒಂದು ತೊಡಕಿದೆ. ನಾವು ಕೊಯ್ಯುವುದು ರುಚಿಯಾದ ಭಾಗವನ್ನು, ಅಂದರೆ ಕುಡಿಯನ್ನು. ಗಿಡದ ಜೀವ ಇರುವುದು ಬಹಳ ಸಲ ನೆಲದೊಳಗೆ. ಕುಡಿ ಚಿವುಟಿದರೆ ಪಕ್ಕದಿಂದ ಎರಡು ಕುಡಿ ಬರುತ್ತವೆ. ತೋಟ ಮಾಡುವವರು ಗಿಡ ಪೊದೆಯಾಗಲಿ ಎಂದು ಮಾಡುವ ಕೆಲಸವೇ ಅದು. ಸುಮ್ನೆ ಚಿವುಟಿ ತಂದು ಪರಿಸರ ಉಳಿಸಿದೆ ಎಂದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಹಾಗಾದರೆ ಪ್ರಯೋಜನವೇ ಇಲ್ಲವೇ? ಇದೆ. ಕಳೆ ಈಗಷ್ಟೇ ಕಾಲಿಟ್ಟ ಸಣ್ಣ ಜಾಗದಲ್ಲಿ, ಬುಡಸಮೇತ ಕೀಳಬಹುದಾದ ಗಿಡದಲ್ಲಿ, ಬೀಜ ಕಟ್ಟುವ ಮೊದಲು, ವರ್ಷವರ್ಷವೂ ಬಿಡದೆ ಮಾಡಿದರೆ ಲಾಭ ಇದೆ. ಕೀಳುವ ಕೆಲಸ ಮುಖ್ಯ, ಅಡುಗೆ ಅದರ ಜೊತೆಗೆ ಬರುವ ಸಂಬಳ. ಈ ಲೆಕ್ಕ ತಲೆಕೆಳಗಾದರೆ ಗಿಡಕ್ಕೇ ಗೆಲುವು.

ಈಗ ಗುರುತು ಹಿಡಿಯುವ ವಿಚಾರ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ತಪ್ಪಿದರೆ ಎರಡನೇ ಅವಕಾಶ ಇಲ್ಲದ ಕೆಲಸ ಇದು.

ಪಾಯ್ಸನ್ ಹೆಮ್ಲಾಕ್ ಎಂಬ ಗಿಡ ಯುರೋಪಿನಿಂದ ಹೋಗಿ ಉತ್ತರ ಅಮೆರಿಕದಲ್ಲಿ ರಸ್ತೆಬದಿ, ಹೊಳೆಬದಿ ಎಲ್ಲ ಹಬ್ಬಿದೆ. ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ್ದು ಇದರ ವಿಷವನ್ನೇ. ನೋಡಲು ಕಾಡು ಕ್ಯಾರೆಟ್ಟಿನ ಹಾಗೇ ಇರುತ್ತದೆ. ಅದೇ ಕೊಡೆಯಂಥ ಬಿಳಿ ಹೂಗೊಂಚಲು, ಅದೇ ಸೀಳುಸೀಳಾದ ಎಲೆ. ಕಾಡು ಕ್ಯಾರೆಟ್ಟಿನ ಕಾಂಡದ ಮೇಲೆ ರೋಮ ಇರುತ್ತದೆ. ಹೆಮ್ಲಾಕಿನ ಕಾಂಡ ನುಣುಪು, ಮೇಲೆ ನೇರಳೆ ಮಚ್ಚೆಗಳು. ಓದುವಾಗ ಸುಲಭ ಅನ್ನಿಸುತ್ತದೆ. ಎಳೆ ಗಿಡದಲ್ಲಿ ಮಚ್ಚೆ ಸರಿಯಾಗಿ ಕಾಣದೇ ಇರಬಹುದು. ಇದೇ ಕುಟುಂಬದ ಜಯಂಟ್ ಹಾಗ್‌ವೀಡ್ ಕಾಕಸಸ್ ಬೆಟ್ಟಗಳದ್ದು. ಅದರ ರಸ ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಸುಟ್ಟ ಗಾಯದ ಹಾಗೆ ಬೊಬ್ಬೆ ಏಳುತ್ತದೆ. ತಿನ್ನುವ ಮಾತು ಹಾಗಿರಲಿ, ಮುಟ್ಟುವುದೇ ಬೇಡ. ನನ್ನ ಸ್ವಂತ ನಿಯಮ ಹೇಳುತ್ತೇನೆ: ಹೊಸಬರು ಮೊದಲ ಕೆಲವು ವರ್ಷ ಕೊಡೆ ಹೂವಿನ ಕುಟುಂಬದ ಯಾವ ಕಾಡುಗಿಡವನ್ನೂ ಬಾಯಿಗೆ ಇಡಬಾರದು. ನಾನು ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಇಡುವುದಿಲ್ಲ.

ಎಲ್ಲವೂ ಇಷ್ಟು ಭಯಂಕರ ಅಲ್ಲ. ಗೋಣಿ ಸೊಪ್ಪು ಬಹಳ ದೇಶಗಳ ಹೊಲಗಳಲ್ಲಿ ಕಳೆ. ಅದರ ಜೊತೆಗೇ ನೆಲಕ್ಕಂಟಿ ಬೆಳೆಯುವ ಯುಫೋರ್ಬಿಯಾ ಜಾತಿಯ ಸಣ್ಣ ಗಿಡಗಳಿವೆ. ಕಡ್ಡಿ ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ. ಹೊನಗೊನ್ನೆ ಮತ್ತು ಆಲಿಗೇಟರ್ ವೀಡ್ ನಡುವೆಯೂ ಇಂಥ ಒಂದು ಗುರುತಿದೆ. ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಆಲಿಗೇಟರ್ ವೀಡಿನ ಹೂಗುಚ್ಛ ಉದ್ದ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ. ಹೂವಿಲ್ಲದ ಕಾಲದಲ್ಲಿ? ಆಗ ಕೊಯ್ಯಬೇಡಿ, ಕಾಯಿರಿ.

ಒಂದು ಗಿಡವನ್ನು ತಿನ್ನುವ ಮೊದಲು ಅದನ್ನು ಒಂದು ಇಡೀ ವರ್ಷ ನೋಡಿ ಎಂದು ನಾನು ಹೇಳುವುದು ಅದಕ್ಕೇ. ಮೊಳಕೆ, ಎಲೆ, ಹೂ, ಕಾಯಿ, ಒಣಗಿದ ಕಡ್ಡಿ ಎಲ್ಲ ನೋಡಿ. ಅದನ್ನು ಹೋಲುವ ವಿಷದ ಗಿಡ ಯಾವುದು ಎಂದೂ ಅಷ್ಟೇ ಚೆನ್ನಾಗಿ ಕಲಿಯಿರಿ. ಫೋನಿನ ಆ್ಯಪ್ ಹೆಸರು ಸೂಚಿಸಲಿ, ಪರವಾಗಿಲ್ಲ, ಆದರೆ ತೀರ್ಪು ಅದರದ್ದಾಗಬಾರದು. ಆಡುಮಾತಿನ ಹೆಸರನ್ನೂ ನಂಬಬೇಡಿ. ಒಂದೇ ಹೆಸರಿಗೆ ಊರಿಗೊಂದು ಗಿಡ ಇರುತ್ತದೆ. ವೈಜ್ಞಾನಿಕ ಹೆಸರು ಬಾಯಿಗೆ ತೊಡಕು, ನಿಜ, ಆದರೂ ಅದನ್ನೇ ಬರೆದಿಟ್ಟುಕೊಳ್ಳಿ.

ಹಕ್ಕಿ ತಿಂದರೆ ನಾವೂ ತಿನ್ನಬಹುದು, ಬೇಯಿಸಿದರೆ ಎಲ್ಲ ವಿಷವೂ ಹೋಗುತ್ತದೆ, ಕಹಿ ಇಲ್ಲದಿದ್ದರೆ ಸುರಕ್ಷಿತ. ಈ ಮೂರೂ ಮಾತು ಸುಳ್ಳು. ನಾಲ್ಕನೆಯದೊಂದಿದೆ, ಅದು ಇನ್ನೂ ಮೋಸದ್ದು: ಜನ ಎಷ್ಟೋ ಕಾಲದಿಂದ ತಿಂತಾ ಇದ್ದಾರಲ್ಲ! ಕ್ರಾಸೊಸೆಫಾಲಮ್ ಕ್ರೆಪಿಡಿಯಾಯ್ಡಿಸ್ ಎಂಬ ಗಿಡ ಆಫ್ರಿಕಾ ಮೂಲದ್ದು. ತಲೆ ಬಗ್ಗಿಸಿ ನಿಂತ ಇಟ್ಟಿಗೆ ಬಣ್ಣದ ಹೂ. ಈಗ ಏಷ್ಯಾದ ಬೆಚ್ಚನೆಯ, ತೇವದ ಜಾಗಗಳಲ್ಲೆಲ್ಲ ಇದೆ. ಹಲವು ಕಡೆ ಇದನ್ನು ಸೊಪ್ಪಿನ ಹಾಗೆ ತಿನ್ನುತ್ತಾರೆ. ಆದರೆ ಇದರಲ್ಲಿ ಜಾಕೊಬೈನ್ ಎಂಬ ಪೈರೊಲಿಜಿಡಿನ್ ಆಲ್ಕಲಾಯ್ಡ್ ಪತ್ತೆಯಾಗಿದೆ. ಈ ಗುಂಪಿನ ವಿಷಗಳು ಯಕೃತ್ತನ್ನು ನಿಧಾನವಾಗಿ ಹಾಳು ಮಾಡುತ್ತವೆ. ಇವತ್ತು ತಿಂದರೆ ಇವತ್ತು ಹೊಟ್ಟೆನೋವು ಬರುವುದಿಲ್ಲ. ಹಾಗಾಗಿ ತಿಂದವರಿಗೆ ತಿಂದದ್ದಕ್ಕೂ ಕಾಯಿಲೆಗೂ ಸಂಬಂಧ ಇದೆ ಎಂದು ಗೊತ್ತಾಗುವುದೇ ಇಲ್ಲ. ನಾನು ಇದನ್ನು ಬಿಟ್ಟಿದ್ದೇನೆ. ಕಾಂಗ್ರೆಸ್ ಗಿಡ ಮತ್ತು ಲಂಟಾನದ ಬಗ್ಗೆಯೂ ಜನ ಕೇಳುತ್ತಿರುತ್ತಾರೆ. ಎರಡೂ ಬೇಡ. ಮೊದಲನೆಯದನ್ನು ಮುಟ್ಟಿದರೇ ಎಷ್ಟೋ ಜನರಿಗೆ ಚರ್ಮ ಕೆರೆಯುತ್ತದೆ.

ಗಿಡ ಸರಿ, ಜಾಗ ಸರಿ ಇದೆಯಾ? ಆಕ್ರಮಣಕಾರಿ ಗಿಡ ಎಂದ ಮೇಲೆ ಯಾರೋ ಅದನ್ನು ಕೊಲ್ಲಲು ನೋಡುತ್ತಿರುತ್ತಾರೆ ಎಂದು ನೆನಪಿಡಿ. ಸಾಮಾನ್ಯ ಕಾಡುಸೊಪ್ಪು ಕೊಯ್ಯುವವರಿಗೆ ಇಲ್ಲದ ಅಪಾಯ ಇದು. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದ ಗಿಡ ಮರುದಿನವೂ ಹಸಿರಾಗಿಯೇ ಇರುತ್ತದೆ. ಬಾಡಿ ಹಳದಿಯಾಗಲು ಒಂದು ವಾರವೋ ಇನ್ನೂ ಜಾಸ್ತಿಯೋ ಬೇಕು. ಆ ನಡುವೆ ನೀವು ಹೋದರೆ ನಿಮಗೆ ಕಾಣುವುದು ಸೊಗಸಾದ ಸೊಪ್ಪು. ಕಾಂಡ ತಿರುಚಿಕೊಂಡಿದ್ದರೆ, ಎಲೆ ವಿಚಿತ್ರವಾಗಿ ಮುದುಡಿದ್ದರೆ, ಒಂದು ಪಟ್ಟಿಯ ಉದ್ದಕ್ಕೆ ಮಾತ್ರ ಗಿಡಗಳು ಸುಟ್ಟಂತಿದ್ದರೆ ಅಲ್ಲಿಂದ ಬಂದುಬಿಡಿ. ನೋಡಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದೇ ಖಚಿತ. ಆ ಜಾಗ ಯಾರದೋ ಅವರನ್ನು ಕೇಳಿ: ಔಷಧಿ ಹೊಡೆದಿದ್ದೀರಾ, ಯಾವಾಗ, ಮುಂದೆ ಹೊಡೆಯುವುದು ಇದೆಯಾ? ಹೇಗೂ ಕೊಯ್ಯಲು ಅನುಮತಿ ಕೇಳಬೇಕಲ್ಲ, ಎರಡೂ ಒಟ್ಟಿಗೇ ಆಗುತ್ತದೆ. ರಕ್ಷಿತ ಪ್ರದೇಶವಾದರೆ ಕಳೆಯನ್ನೂ ಹಾಗೆಲ್ಲ ಮುಟ್ಟುವಂತಿಲ್ಲ.

ರಸ್ತೆಬದಿ ಬೇಡ. ಸೀಸ ಬೆರೆಸಿದ ಪೆಟ್ರೋಲ್ ವಾಹನಗಳಿಗೆ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ. ಆದರೆ ಅಷ್ಟು ವರ್ಷ ಮಣ್ಣಿಗೆ ಬಿದ್ದ ಸೀಸ ಕೊಳೆತು ಹೋಗುವ ವಸ್ತುವಲ್ಲ, ಅಲ್ಲೇ ಇದೆ. ಹಳೆಯ ಕಾರ್ಖಾನೆ, ರೈಲುಹಳಿ, ಕಸದ ಗುಡ್ಡೆಗಳ ಕಥೆಯೂ ಅಷ್ಟೇ. ಕಳೆಗಳಿಗೆ ಇಂಥ ಜಾಗವೇ ಇಷ್ಟ, ಅದೇ ತಲೆನೋವು.

ನೀವು ಹೊಳೆದಂಡೆ ಎಂದಿದ್ದೀರಿ. ನೀರಿನ ಗಿಡಗಳಲ್ಲಿ ಇನ್ನೆರಡು ತೊಂದರೆ. ನೀರು ಕೊಳಕಾಗಿದ್ದರೆ ಗಿಡ ಭಾರಲೋಹಗಳನ್ನು ಹೀರಿಕೊಂಡಿರಬಹುದು. ವಾಟರ್ ಹಯಸಿಂತ್, ಅಂದರೆ ಕೆರೆ ಮುಚ್ಚುವ ನೇರಳೆ ಹೂವಿನ ಕಳೆ, ಈ ಕೆಲಸದಲ್ಲಿ ಎಷ್ಟು ನಿಪುಣ ಎಂದರೆ ಕೊಳಚೆ ನೀರು ಶುದ್ಧ ಮಾಡಲೇ ಅದನ್ನು ಬಳಸಿ ನೋಡಿದ್ದಾರೆ. ಲೋಹವನ್ನು ಬೇಯಿಸಿ ತೆಗೆಯಲು ಆಗದು. ಎರಡನೆಯದು ಲಿವರ್ ಫ್ಲೂಕ್ ಎಂಬ ಹುಳು. ದನ ಕುರಿ ಮೇಯುವ ಕಡೆ ಇದರ ಸಣ್ಣ ಕೋಶಗಳು ನೀರಿನ ಗಿಡದ ಎಲೆಗೆ ಅಂಟಿಕೊಂಡಿರುತ್ತವೆ. ತೊಳೆದರೆ ಹೋಗುತ್ತವೆ ಎಂದು ನೆಚ್ಚುವಂತಿಲ್ಲ. ವಾಟರ್‌ಕ್ರೆಸ್ ಎಂಬ ನೀರಿನ ಸೊಪ್ಪಿನ ಥರದ್ದನ್ನು ಹಸಿಯಾಗಿ ತಿಂದವರಿಗೆ ಈ ಹುಳು ಸೇರಿದ್ದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನೀರಂಚಿನ ಗಿಡವನ್ನು ಹಸಿಯಾಗಿ ತಿನ್ನಬೇಡಿ.

ಇಷ್ಟೆಲ್ಲ ಹೆದರಿಸಿದ ಮೇಲೆ ತಿನ್ನುವುದನ್ನೂ ಹೇಳಬೇಕಲ್ಲ.

ನನ್ನ ಮೆಚ್ಚಿನದು ಗಾರ್ಲಿಕ್ ಮಸ್ಟರ್ಡ್. ಯುರೋಪಿನ ಗಿಡ, ಸಾಸಿವೆ ಕುಟುಂಬದ್ದು. ಅಮೆರಿಕದಲ್ಲಿ ಮೊದಲು ದಾಖಲಾದದ್ದು 1868ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ. ಅಡುಗೆಗೆಂದೇ ತಂದು ನೆಟ್ಟಿದ್ದಿರಬೇಕು. ಈಗ ಕಾಡಿನ ನೆಲ ಹಾಸಿಕೊಂಡು ಕೂತಿದೆ. ಮರಗಳ ಬೇರಿಗೆ ನೆರವಾಗುವ ಶಿಲೀಂಧ್ರಗಳನ್ನು ಇದು ಹೊರಸೂಸುವ ರಾಸಾಯನಿಕ ಕುಗ್ಗಿಸುತ್ತದೆ. ಇದೇ ಗಿಡ ಯುರೋಪಿನಲ್ಲಿ ಬಹಳ ಹಳೆಯ ಮಸಾಲೆ. ಡೆನ್ಮಾರ್ಕ್ ಮತ್ತು ಜರ್ಮನಿಯಲ್ಲಿ ಸಿಕ್ಕ ಸುಮಾರು 6,000 ವರ್ಷ ಹಿಂದಿನ ಮಡಕೆಗಳ ಒಳಗೆ, ಕರಕಾಗಿ ಅಂಟಿದ್ದ ಅಡುಗೆಯಲ್ಲಿ, ಇದರ ಬೀಜದ ಸೂಕ್ಷ್ಮ ಕಣಗಳು ಸಿಕ್ಕಿವೆ. ಮೀನು ಮಾಂಸದ ಜೊತೆ ಬೇಯಿಸಿದ್ದರು. ಆ ಕಾಲದಲ್ಲೂ ಯಾರೋ ಪಾತ್ರೆ ತಳ ಹಿಡಿಸಿದ್ದರು ಅಂತ ನನಗೆ ಖುಷಿ.

ಇದರ ಆಯುಸ್ಸು ಎರಡು ವರ್ಷ. ಮೊದಲ ವರ್ಷ ನೆಲಕ್ಕೆ ಅಂಟಿದ ದುಂಡನೆಯ ಎಲೆಗಳ ಗುಂಪು. ಎರಡನೇ ವರ್ಷ ಉದ್ದ ಕಾಂಡ, ಹಲ್ಲಿನಂಚಿನ ಹೃದಯಾಕಾರದ ಎಲೆ, ನಾಲ್ಕು ಎಸಳಿನ ಬಿಳಿ ಹೂ. ಎಲೆ ಉಜ್ಜಿದರೆ ಬೆಳ್ಳುಳ್ಳಿ ವಾಸನೆ. ಒಂದು ಎಚ್ಚರಿಕೆ: ನಾಲ್ಕು ಎಲೆ ಉಜ್ಜಿದ ಮೇಲೆ ನಿಮ್ಮ ಕೈಯೇ ಬೆಳ್ಳುಳ್ಳಿ. ಆಮೇಲೆ ಯಾವ ಗಿಡ ಮೂಸಿದರೂ ಅದೇ ವಾಸನೆ. ಮೂಸಿ ಗುರುತಿಸುವವರು ಎಡವುವುದು ಇಲ್ಲೇ.

ಕೀಳಲು ಸರಿಯಾದ ಕಾಲ ಎರಡನೇ ವರ್ಷದ ಗಿಡ ಕಾಂಡ ಬಿಟ್ಟು, ಇನ್ನೂ ಹೂ ಬಿರಿಯದೇ ಇರುವಾಗ. ಆಗ ಕಾಂಡ ಎಳೆಯದಾಗಿ ರುಚಿಯಾಗಿರುತ್ತದೆ, ಗಿಡಕ್ಕೂ ಅದೇ ಕೊನೆಯ ಅವಕಾಶ. ಬುಡ ಹಿಡಿದು ಬೇರುಸಮೇತ ಎಳೆಯಿರಿ. ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೂ ಬಿಟ್ಟ ಗಿಡವನ್ನು ಕಿತ್ತು ಅಲ್ಲೇ ಬಿಸಾಡಿದರೆ ಬಿದ್ದಲ್ಲೇ ಬೀಜ ಬಲಿಸಿಕೊಳ್ಳುವ ಶಕ್ತಿ ಅದಕ್ಕಿದೆ, ಚೀಲದಲ್ಲಿ ಕಟ್ಟಿ, ಆ ಜಾಗ ನೋಡಿಕೊಳ್ಳುವವರು ಹೇಳಿದ ಕಡೆಗೇ ಹಾಕಬೇಕು. ಬೀಜ ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದು ಕೂರುತ್ತದೆ, ಹಾಗಾಗಿ ಒಂದು ವರ್ಷ ಕಿತ್ತು ಕೈ ಬಿಟ್ಟರೆ ಉಪಯೋಗವಿಲ್ಲ. ಎಲೆಯನ್ನು ಎಣ್ಣೆ, ಉಪ್ಪು, ಏನಾದರೂ ಬೀಜದ ಜೊತೆ ರುಬ್ಬಬಹುದು. ಕಾಂಡವನ್ನು ಎರಡು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದರೆ ಕಹಿ ಇಳಿಯುತ್ತದೆ. ಈ ಗಿಡದಲ್ಲಿ ಸ್ವಲ್ಪ ಸೈನೈಡ್ ಇರುವುದು ಪತ್ತೆಯಾಗಿದೆ. ಹೆಚ್ಚಿ ಬೇಯಿಸಿ ಒಂದು ಹಿಡಿ ತಿನ್ನಿ, ಬುಟ್ಟಿಗಟ್ಟಲೆ ಹಸಿ ಎಲೆ ರುಬ್ಬಿ ಕುಡಿಯಬೇಡಿ.

ಕುಡ್ಜು ಬಳ್ಳಿಯೂ ಒಳ್ಳೆಯ ಆಯ್ಕೆ. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಜಪಾನಿನವರು ಇದನ್ನು ತೋರಿಸಿದರು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲು ಅಮೆರಿಕ ಸರ್ಕಾರವೇ ಇದನ್ನು ಹಂಚಿತು. ಈಗ ಮರ, ಮನೆ, ಕಂಬ ಎಲ್ಲ ಹೊದ್ದು ನಿಂತಿದೆ. ಎಳೆ ಕುಡಿ, ಎಳೆ ಎಲೆ, ನೇರಳೆ ಹೂ ತಿನ್ನಬಹುದು. ಎಲೆಯ ಮೇಲೆ ರೋಮ ಇರುವುದರಿಂದ ಬೇಯಿಸಲೇಬೇಕು. ಬೇರಿನ ಪಿಷ್ಟ ಜಪಾನಿನಲ್ಲಿ ಬೆಲೆಬಾಳುವ ವಸ್ತು. ನಿಜವಾಗಿ ಬಳ್ಳಿಗೆ ಪೆಟ್ಟು ಬೀಳಬೇಕಾದರೆ ಬೇರು ಕಾಂಡ ಸೇರುವ ಗಂಟನ್ನೇ ಅಗೆದು ತೆಗೆಯಬೇಕು. ಬೆವರಿಳಿಯುವ ಕೆಲಸ. ಅಮೆರಿಕದಲ್ಲಿ ಇದರ ನಡುವೆಯೇ ಪಾಯ್ಸನ್ ಐವಿ ಎಂಬ, ಮುಟ್ಟಿದರೆ ಚರ್ಮ ಕೆರೆದು ಬೊಬ್ಬೆ ಏಳಿಸುವ ಬಳ್ಳಿ ಬೆಳೆಯುತ್ತದೆ. ಅದಕ್ಕೂ ಮೂರು ಮೂರು ಎಲೆ. ಆದರೆ ಕುಡ್ಜುವಿನ ಎಳೆ ಬಳ್ಳಿ ಮುಟ್ಟಿದರೆ ರೋಮ ಕೈಗೆ ಹತ್ತುತ್ತದೆ. ಅನುಮಾನ ಇದ್ದರೆ ಮುಟ್ಟಿ ನೋಡುವ ಸಾಹಸವೇ ಬೇಡ.

ಜಪಾನೀಸ್ ನಾಟ್‌ವೀಡ್ ಬಗ್ಗೆ ವಿಡಿಯೊಗಳು ಜಾಸ್ತಿ. ಬಿದಿರಿನ ಹಾಗೆ ಗೆಣ್ಣು, ಒಳಗೆ ಟೊಳ್ಳು, ಕೆಂಪು ಚುಕ್ಕೆ. ಒಂದು ಗೇಣಿಗಿಂತ ಚಿಕ್ಕ ಮೊಳಕೆ, ರೂಬಾರ್ಬ್ ಎಂಬ ತರಕಾರಿಯ ದಂಟಿನಂತೆ ಹುಳಿ. ರುಚಿ ನಿಜವಾಗಿಯೂ ಚೆನ್ನಾಗಿದೆ. ಆದರೂ ಹೊಸಬರಿಗೆ ನಾನು ಇದನ್ನು ಹೇಳುವುದೇ ಇಲ್ಲ. ಒಂದು ಗ್ರಾಂಗಿಂತ ಕಡಿಮೆ ತೂಕದ ಬೇರಿನ ತುಂಡಿನಿಂದ ಹೊಸ ಗಿಡ ಎದ್ದು ಬರುತ್ತದೆ. ಬ್ರಿಟನ್ನಿನಲ್ಲಿ ಇದು ತೋಟದಾಚೆ ಹೊರಗೆ ಹಬ್ಬುವಂತೆ ಮಾಡುವುದು 1981ರ ಕಾಯ್ದೆಯ ಪ್ರಕಾರ ಅಪರಾಧ. ಇದರ ಕಸವನ್ನು ಎಲ್ಲೆಂದರಲ್ಲಿ ಎಸೆಯುವಂತೆಯೂ ಇಲ್ಲ. ಮೇಲಾಗಿ ಎಲ್ಲಕ್ಕಿಂತ ಹೆಚ್ಚು ಕಳೆನಾಶಕ ಬೀಳುವ ಗಿಡಗಳಲ್ಲಿ ಇದೂ ಒಂದು. ನಾಲ್ಕು ಚಮಚ ಹುಳಿಗೊಜ್ಜಿಗೆ ಇಷ್ಟು ಅಪಾಯ ಯಾಕೆ?

ಹಿಮಾಲಯನ್ ಬಾಲ್ಸಮ್ ಅಂತೂ ಬುಟ್ಟಿಗೆ ಹಾಕಲೇಬಾರದ ಗಿಡ, ನನ್ನ ಲೆಕ್ಕದಲ್ಲಿ. ಅದರ ಬೀಜ ತಿನ್ನಲು ಬರುತ್ತದೆ, ಹೌದು. ಆದರೆ ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಏಳು ಮೀಟರ್‌ವರೆಗೂ ಚಿಮ್ಮುತ್ತದೆ. ಹತ್ತು ಬೀಜ ಹಿಡಿಯಲು ಹೋಗಿ ನೂರು ಬಿತ್ತಿ ಬರುತ್ತೀರಿ. ನಿಮ್ಮ ಹೊಳೆದಂಡೆಯಲ್ಲಿ ಅದಿದ್ದರೆ ಹೂ ಬಿಡುವ ಮೊದಲೇ ಕಿತ್ತುಬಿಡಿ. ಬೇರು ಮೇಲೆಯೇ ಇರುತ್ತದೆ, ಮಕ್ಕಳೂ ಕೀಳಬಹುದು.

ಅಡುಗೆ ಮನೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಆಕ್ಸಲೇಟ್, ಅಂದರೆ ಕಿಡ್ನಿಯಲ್ಲಿ ಕಲ್ಲಾಗಲು ಕಾರಣವಾಗಬಲ್ಲ ಅಂಶ. ಹುಳಿ ಇರುವ ಕಾಡುಸೊಪ್ಪುಗಳಲ್ಲಿ, ಗೋಣಿ ಸೊಪ್ಪಿನಲ್ಲಿ, ನಾಟ್‌ವೀಡಿನಲ್ಲಿ ಇದು ಜಾಸ್ತಿ. ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರು ಬಸಿದು ಚೆಲ್ಲಿದರೆ ಕರಗುವ ಆಕ್ಸಲೇಟಿನಲ್ಲಿ ದೊಡ್ಡ ಪಾಲು ಹೋಗುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಹೋಗುವುದಿಲ್ಲ. ಹಾಲು ಮೊಸರಿನ ಜೊತೆ ತಿಂದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು, ಕಿಡ್ನಿ ತೊಂದರೆ ಇರುವವರು ಇವನ್ನು ಬಿಟ್ಟುಬಿಡುವುದೇ ಒಳ್ಳೆಯದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದ್ದಕ್ಕಿದ್ದಂತೆ ಸೊಪ್ಪು ಜಾಸ್ತಿ ಮಾಡಬಾರದು, ಅದರಲ್ಲಿರುವ ವಿಟಮಿನ್ ಕೆ ಔಷಧಿಗೆ ಅಡ್ಡ ಬರುತ್ತದೆ.

ಯಾವ ಹೊಸ ಗಿಡವಾದರೂ ಮೊದಲ ಸಲ ಒಂದೆರಡು ಚಮಚ, ಬೇಯಿಸಿದ್ದು, ಒಬ್ಬರೇ. ಒಂದು ದಿನ ಬಿಡಿ. ಗುರುತು ಖಚಿತವಾದ ಗಿಡ ನಿಮ್ಮ ಮೈಗೆ ಒಗ್ಗುತ್ತದಾ ಎಂದು ನೋಡಲು ಮಾತ್ರ ಇದು. ಗುರುತು ಗೊತ್ತಿಲ್ಲದ ಗಿಡ ವಿಷವೋ ಅಲ್ಲವೋ ಎಂದು ರುಚಿ ನೋಡಿ ಕಂಡುಹಿಡಿಯುವ ವಿಧಾನ ಯಾವುದೂ ಇಲ್ಲ. ಅಡುಗೆಗೆ ಹಾಕದ ಒಂದು ಇಡೀ ಗಿಡವನ್ನು ಮಾರನೇ ದಿನದವರೆಗೆ ತೆಗೆದಿಡಿ. ಏನಾದರೂ ಹೆಚ್ಚುಕಮ್ಮಿ ಆದರೆ ವೈದ್ಯರಿಗೆ ತೋರಿಸಲು ಅದೇ ಬೇಕು.

ಈಗ ಮೊದಲು ಹೇಳಿದ ವಿಷಯಕ್ಕೆ ಬರುತ್ತೇನೆ, ಉಳಿದ ಕಡ್ಡಿ. ಇದರಲ್ಲಿ ನಾನೇ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜನರಿಗೆ ತೋರಿಸಲೆಂದು ತಂದಿದ್ದ ಆಲಿಗೇಟರ್ ವೀಡಿನ ಕಡ್ಡಿಗಳನ್ನು ಬಾಡಿಹೋಗಿವೆ ಎಂದು ಹಿತ್ತಿಲ ಗೊಬ್ಬರದ ಗುಂಡಿಗೆ ಹಾಕಿದೆ. ಬಾಡಿದ್ದು ಎಲೆ ಮಾತ್ರ. ಮೂರು ವಾರ ಬಿಟ್ಟು ನೋಡಿದರೆ ಗುಂಡಿಯ ಅಂಚಿನಿಂದ ಹಸಿರು ಕುಡಿಗಳು ಇಣುಕುತ್ತಿದ್ದವು. ಗುಂಡಿ ಪೂರ್ತಿ ತೋಡಿ, ಗೊಬ್ಬರವನ್ನೆಲ್ಲ ಜರಡಿ ಹಿಡಿದು ಗೆಣ್ಣು ಆರಿಸಿದೆ. ಎರಡು ವರ್ಷ ಆ ಮೂಲೆಯನ್ನು ಕಾಯಬೇಕಾಯಿತು. ಬೇರೆಯವರಿಗೆ ಪಾಠ ಹೇಳುವ ಮನುಷ್ಯ, ಯಾರಿಗೆ ಹೇಳಲಿ!

ಹಾಗಾಗಿ ಈಗ ನನ್ನ ಪದ್ಧತಿ ಹೀಗೆ. ತಿನ್ನುವ ಭಾಗವನ್ನು ಆದಷ್ಟು ಕಿತ್ತ ಜಾಗದಲ್ಲೇ ಬಿಡಿಸಿಕೊಳ್ಳುತ್ತೇನೆ. ಬೇರು, ಬಲಿತ ಕಾಂಡ ನನ್ನ ಜೊತೆ ಪ್ರಯಾಣ ಮಾಡುವುದು ಬೇಡ. ಅವುಗಳನ್ನು ಆ ಜಾಗ ನೋಡಿಕೊಳ್ಳುವವರು ಹೇಳಿದ ಕಡೆ, ಹೇಳಿದ ರೀತಿಯಲ್ಲಿ ಹಾಕುತ್ತೇನೆ. ಬುಟ್ಟಿಯಲ್ಲಿ ಸಂದು ಇರುತ್ತದೆ, ಅದಕ್ಕೆ ಬಾಯಿ ಕಟ್ಟುವ ಚೀಲ. ಹೂ ಕಾಯಿ ಬಂದ ಗಿಡ ಮನೆಗೆ ಬರುವುದಿಲ್ಲ. ತೊಳೆದ ನೀರನ್ನು ಸೋಸಿ ಚೆಲ್ಲುತ್ತೇನೆ, ತೋಟಕ್ಕಲ್ಲ, ಮಳೆನೀರಿನ ಚರಂಡಿಗೂ ಅಲ್ಲ. ಅಡುಗೆ ಮನೆಯಲ್ಲಿ ಉಳಿದ ತೊಟ್ಟು, ಗೆಣ್ಣು, ಸಿಪ್ಪೆ ಎಲ್ಲವನ್ನೂ ಒಂದು ಹಳೇ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಕಸಕ್ಕೆ ಹಾಕುತ್ತೇನೆ. ಬೆಂದ ಗೆಣ್ಣು ಚಿಗುರುವುದಿಲ್ಲ. ಮನೆಯ ಗೊಬ್ಬರದ ಗುಂಡಿ ಬೀಜ ಸಾಯುವಷ್ಟು ಬಿಸಿಯಾಗುವುದು ಅಪರೂಪ, ಅದನ್ನು ನಂಬಬೇಡಿ. ಕೆಲವು ಕಡೆ ಇಂಥ ಗಿಡದ ಜೀವಂತ ತುಂಡನ್ನು ಸಾಗಿಸುವುದೇ ಕಾನೂನಿಗೆ ವಿರುದ್ಧ. ಹೊರಡುವ ಮೊದಲೇ ಕೇಳಿಕೊಳ್ಳಿ.

ಯಾರೋ ನಿಮ್ಮ ಅಡುಗೆ ಮೆಚ್ಚಿ, ಇದನ್ನು ಮಾರಬಹುದಲ್ಲ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕಳೆಗೆ ಬೆಲೆ ಬಂದರೆ ಅದು ಮುಗಿಯಬಾರದು ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಬುಡ ಬಿಟ್ಟು ಕುಡಿ ಮಾತ್ರ ಕೊಯ್ಯುವವರು, ಸದ್ದಿಲ್ಲದೆ ಬೇಲಿಯ ಪಕ್ಕ ನೆಡುವವರು. ನಿಮ್ಮ ಮನಸ್ಸಿನಲ್ಲಿ ಕುಂಡದ ಆಸೆ ಬಂದದ್ದೂ ಅದೇ ದಾರಿಯಲ್ಲಿ ಅಲ್ವಾ? ಮುಂದಿನ ವರ್ಷ ಆ ಹೊಳೆದಂಡೆಯಲ್ಲಿ ಕೊಯ್ಯಲು ಸೊಪ್ಪು ಸಿಗದೆ ಬರಿಗೈಯಲ್ಲಿ ಬಂದರೆ ಖುಷಿ ಪಡಬೇಕು. ಅಷ್ಟು ದೊಡ್ಡ ಮನಸ್ಸು ಸುಲಭ ಅಲ್ಲ, ನನಗೂ ಗೊತ್ತು.

ಮಕ್ಕಳ ವಿಚಾರ. ಖಂಡಿತ ಕರೆದುಕೊಂಡು ಹೋಗಿ, ಆದರೆ ಮೊದಲ ಸಲ ಒಬ್ಬರೇ ಬೇಡ. ಬಹಳ ಕಡೆ ಕಳೆ ಕೀಳುವ ಸ್ವಯಂಸೇವಕರ ಗುಂಪುಗಳಿರುತ್ತವೆ. ಎಲ್ಲಿ ಔಷಧಿ ಹೊಡೆದಿದ್ದಾರೆ, ಯಾವ ಗಿಡದ ಪಕ್ಕ ಯಾವ ವಿಷದ ಗಿಡ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಕೈಗೆ ಗವಸು, ಉದ್ದ ತೋಳಿನ ಅಂಗಿ. ಕಿತ್ತದ್ದನ್ನು ಅಲ್ಲೇ ಬಾಯಿಗೆ ಹಾಕುವ ಹಾಗಿಲ್ಲ ಎಂದು ಹೊರಡುವ ಮೊದಲೇ ಒಪ್ಪಂದ ಆಗಲಿ. ಮನೆಗೆ ಹೊರಡುವ ಮುಂಚೆ ಎಲ್ಲರ ಬೂಟಿನ ಅಡಿಯನ್ನೂ ಪ್ಯಾಂಟಿನ ಮಡಿಕೆಯನ್ನೂ ಅಲ್ಲೇ ಬ್ರಷ್ ಹಾಕಿ ಉಜ್ಜಿ. ಬ್ರಷ್ಷನ್ನೂ ಅಲ್ಲೇ ಕೊಡವಿ. ನಮ್ಮ ಗುಂಪಿನಲ್ಲಿ ಈ ಕೆಲಸವನ್ನು ಮಕ್ಕಳಿಗೇ ಕೊಡುತ್ತೇವೆ. ದೊಡ್ಡವರ ಬೂಟಿನಲ್ಲಿ ಬೀಜ ಸಿಕ್ಕಿದರೆ ಅವರಿಗಿರುವ ಸಂತೋಷ ನೋಡಬೇಕು.